ವಾಯುಭಾರ 955ಕ್ಕೆ ಇಳಿಯುತ್ತದಂತೆ, ಹೆದರಬೇಕೇ? ಐರ್ಲೆಂಡಿನ ಚಳಿಗಾಲದ ಬಿರುಗಾಳಿಗೆ ತಯಾರಿ ಹೇಗೆ?

ಪ್ರಶ್ನೆ: ಮಂಗಳೂರಿನಿಂದ ಐರ್ಲೆಂಡಿನ ಪಶ್ಚಿಮ ಕರಾವಳಿಗೆ ಬಂದಿದ್ದೇವೆ, ಇದು ಮೊದಲ ಚಳಿಗಾಲ. ಊರಲ್ಲಿ ವಾಯುಭಾರ ಯಾವಾಗಲೂ 1010ರ ಆಸುಪಾಸು ಇರುತ್ತಿತ್ತು. ನಾಳೆ ರಾತ್ರಿ ಇಲ್ಲಿ 955ಕ್ಕೆ ಇಳಿಯುತ್ತದೆ ಎಂದು ಆ್ಯಪ್ ತೋರಿಸುತ್ತಿದೆ. ಇಷ್ಟು ಕಡಿಮೆ ಒತ್ತಡ ಅಪಾಯವೇ? ಮನೆಯಲ್ಲಿ ಎಳೆ ಮಗುವಿದೆ. ಏನೇನು ತಯಾರಿ ಮಾಡಿಕೊಳ್ಳಬೇಕು?

ಉತ್ತರ:

ಮೊದಲು ಮಗುವಿನ ವಿಷಯ. 955 ಹೆಕ್ಟೋಪಾಸ್ಕಲ್ (ವಾಯುಭಾರ ಅಳೆಯುವ ಮಾನ) ಒತ್ತಡದಿಂದ ಆರೋಗ್ಯವಂತ ಮಗುವಿನ ಉಸಿರಾಟಕ್ಕೆ ತೊಂದರೆಯಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಜನ ಉಸಿರಾಡುವ ಗಾಳಿಯ ನಿಜವಾದ ಒತ್ತಡ ವರ್ಷವಿಡೀ 910ರ ಆಸುಪಾಸಿನಲ್ಲೇ ಇರುತ್ತದೆ. ಮಡಿಕೇರಿಯಲ್ಲಿ ಇನ್ನೂ ಕಡಿಮೆ, 885ರ ಹತ್ತಿರ. ಹವಾಮಾನ ವರದಿಯಲ್ಲಿ ಬೆಂಗಳೂರಿಗೂ 1012, 1014 ಎಂದು ಕಾಣುತ್ತದಲ್ಲ, ಅದು ಸಮುದ್ರಮಟ್ಟಕ್ಕೆ ಹೊಂದಿಸಿ ಲೆಕ್ಕ ಹಾಕಿದ ಅಂಕಿ. ನಿಮ್ಮ ಮನೆಯಲ್ಲಿ ನಾಳೆ ಆಗುವ ಬದಲಾವಣೆ ಮಂಗಳೂರಿನಿಂದ ಘಟ್ಟದ ಅರ್ಧ ಹತ್ತಿದ್ದಕ್ಕೆ, ಅಂದರೆ ಸುಮಾರು 500 ಮೀಟರ್ ಮೇಲೇರಿದ್ದಕ್ಕೆ ಸಮ. ಅದೂ ಒಂದು ಗಂಟೆಯಲ್ಲಲ್ಲ, ಇಡೀ ಒಂದು ದಿನದಲ್ಲಿ.

ಹಾಗಾದರೆ ಅಪಾಯ ಎಲ್ಲಿದೆ? ಒತ್ತಡ ಎಷ್ಟಿದೆ ಎನ್ನುವುದಕ್ಕಿಂತ ಎಷ್ಟು ಬೇಗ ಇಳಿಯುತ್ತಿದೆ, ಪಕ್ಕದ ಊರಿಗೂ ನಿಮ್ಮೂರಿಗೂ ಎಷ್ಟು ಅಂತರವಿದೆ ಎನ್ನುವುದೇ ಮುಖ್ಯ. ಗಾಳಿ ಹುಟ್ಟುವುದು ಆ ಅಂತರದಿಂದ. ಹವಾಮಾನ ನಕ್ಷೆಯಲ್ಲಿ ಒಂದೇ ಒತ್ತಡದ ಜಾಗಗಳನ್ನು ಜೋಡಿಸುವ ಸಮಭಾರ ರೇಖೆಗಳು ಒತ್ತೊತ್ತಾಗಿ ಬಿದ್ದಲ್ಲಿ ಬಿರುಗಾಳಿ, ವಿರಳವಾಗಿದ್ದಲ್ಲಿ ಸಾಧಾರಣ ಗಾಳಿ. ಬಿರುಗಾಳಿ ತರುವ ಕಡಿಮೆ ಒತ್ತಡದ ಸುಳಿಯ ನಟ್ಟನಡುವೆ ಒತ್ತಡ ಅತಿ ಕಡಿಮೆ, ಆದರೆ ಅಲ್ಲಿ ಗಾಳಿ ಬಹುಮಟ್ಟಿಗೆ ಶಾಂತ. 1993ರ ಜನವರಿ 10ರಂದು ಸ್ಕಾಟ್ಲೆಂಡ್ ಮತ್ತು ಐಸ್‌ಲ್ಯಾಂಡ್ ನಡುವಿನ ಕಡಲಿನಲ್ಲಿ ಒತ್ತಡ ಸುಮಾರು 914ಕ್ಕೆ ಇಳಿದಿತ್ತು. ಉತ್ತರ ಅಟ್ಲಾಂಟಿಕ್‌ನ ಚಳಿಗಾಲದ ಸುಳಿಗಳಲ್ಲಿ ದಾಖಲಾದ ಅತಿ ಕಡಿಮೆ ಅದೇ. ಕೇಂದ್ರ ಕಡಲಿನಲ್ಲೇ ಉಳಿದದ್ದರಿಂದ ಆ ಆಳಕ್ಕೆ ತಕ್ಕ ಹಾನಿ ನೆಲದ ಮೇಲೆ ಆಗಲಿಲ್ಲ. 2025ರ ಜನವರಿ 24ರ ಎಯೊವಿನ್ ಬಿರುಗಾಳಿಯ ಕೇಂದ್ರದಲ್ಲಿ ಸುಮಾರು 940 ಇತ್ತು, ಅದಕ್ಕಿಂತ ಎಷ್ಟೋ ಹೆಚ್ಚು. ಆದರೂ ಗಾಲ್ವೇ ಜಿಲ್ಲೆಯ ಮೇಸ್ ಹೆಡ್‌ನಲ್ಲಿ ಗಂಟೆಗೆ 183 ಕಿ.ಮೀ. ವೇಗದ ಗಾಳಿ ಬೀಸಿ, 1945ರಲ್ಲಿ ಫಾಯ್ನ್ಸ್‌ನಲ್ಲಿ ಅಳೆದಿದ್ದ 182ರ ದಾಖಲೆ ಮುರಿಯಿತು. ಐರ್ಲೆಂಡಿನಲ್ಲಿ 7,68,000 ಸಂಪರ್ಕಗಳಿಗೆ ವಿದ್ಯುತ್ ಹೋಯಿತು.

ಬಂಗಾಳಕೊಲ್ಲಿಯ ಚಂಡಮಾರುತವನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಅಳೆಯಬೇಡಿ. ಅದು ಬೆಚ್ಚಗಿನ ಕಡಲಿನ ಆವಿಯಿಂದ ಶಕ್ತಿ ಪಡೆಯುತ್ತದೆ, ನೆಲ ತಲುಪಿದ ಮೇಲೆ ಸೊರಗುತ್ತದೆ. ಇಲ್ಲಿಯದು ಕೆನಡಾ ಕಡೆಯ ಕೊರೆಯುವ ತಣ್ಣನೆಯ ಗಾಳಿಗೂ ಗಲ್ಫ್ ಸ್ಟ್ರೀಮ್ ಎಂಬ ಬಿಸಿ ಸಾಗರ ಪ್ರವಾಹದ ಮೇಲಿನ ಬೆಚ್ಚಗಿನ ಗಾಳಿಗೂ ಇರುವ ವ್ಯತ್ಯಾಸದಿಂದ ಹುಟ್ಟುತ್ತದೆ. ಸುಮಾರು ಹತ್ತು ಕಿ.ಮೀ. ಎತ್ತರದಲ್ಲಿ ಹರಿಯುವ ಜೆಟ್ ಸ್ಟ್ರೀಮ್ ಎಂಬ ರಭಸದ ಗಾಳಿ, ಕೆಳಗಿನಿಂದ ಬಂದು ಸೇರುವ ಗಾಳಿಗಿಂತ ಬೇಗ ಮೇಲಿನದನ್ನು ಸಾಗಹಾಕುತ್ತದೆ. ಕೆಳಗೆ ಒತ್ತಡ ಕುಸಿಯುವುದು ಅದಕ್ಕೇ. ಇಂಥ ಸುಳಿ ಸಾವಿರ, ಎರಡು ಸಾವಿರ ಕಿ.ಮೀ. ಅಗಲ ಹರಡಿಕೊಂಡಿರಬಹುದು. ನೆಲ ಸಿಕ್ಕಿತೆಂದು ಅದು ಸೊರಗುವುದಿಲ್ಲ. ಸುದ್ದಿಯಲ್ಲಿ ಬರುವ ‘ಬಾಂಬ್ ಸೈಕ್ಲೋನ್’ ಎಂದರೆ 60 ಡಿಗ್ರಿ ಅಕ್ಷಾಂಶದಲ್ಲಿ ಕೇಂದ್ರದ ಒತ್ತಡ 24 ಗಂಟೆಯಲ್ಲಿ ಕನಿಷ್ಠ 24 ಹೆಕ್ಟೋಪಾಸ್ಕಲ್ ಕುಸಿದದ್ದು. ನಿಮ್ಮ ಅಕ್ಷಾಂಶಕ್ಕೆ ಲೆಕ್ಕ ಹಾಕಿದರೆ ಸುಮಾರು 22 ಸಾಕು.

ಮಂಗಳೂರಿನಲ್ಲಿ ವಾಯುಭಾರ ದಿನಕ್ಕೆ ಎರಡು ಬಾರಿ ಏರಿ ಎರಡು ಬಾರಿ ಇಳಿಯುತ್ತದೆ. ಬೆಳಿಗ್ಗೆ ಮತ್ತು ರಾತ್ರಿ ಹತ್ತರ ಸುಮಾರಿಗೆ ಹೆಚ್ಚು, ನಸುಕಿನ ನಾಲ್ಕು ಮತ್ತು ಸಂಜೆ ನಾಲ್ಕರ ಹೊತ್ತಿಗೆ ಕಡಿಮೆ, ನಡುವೆ ಎರಡು ಮೂರು ಹೆಕ್ಟೋಪಾಸ್ಕಲ್ ವ್ಯತ್ಯಾಸ. ಐರ್ಲೆಂಡಿನಲ್ಲಿ ಈ ದಿನಚರಿ ಕಣ್ಣಿಗೇ ಬೀಳುವುದಿಲ್ಲ, ಸುಳಿಗಳ ಏರಿಳಿತ ಅದನ್ನು ನುಂಗಿಬಿಡುತ್ತದೆ. ಹಾಗಾಗಿ ಒಂದೇ ಅಂಕಿ ನೋಡಿ ಸುಮ್ಮನಾಗದೆ ಗಂಟೆಗೊಮ್ಮೆ ಬರೆದಿಟ್ಟುಕೊಳ್ಳಿ. ಬ್ರಿಟನ್ನಿನ ನಾವಿಕರ ಹವಾಮಾನ ವಾರ್ತೆಯ ಅಳತೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಮೂರು ಗಂಟೆಯಲ್ಲಿ 1.5ರವರೆಗೆ ಇಳಿದರೆ ‘ನಿಧಾನ’, 3.6ರಿಂದ 6ರವರೆಗೆ ‘ವೇಗ’, 6 ದಾಟಿದರೆ ‘ಅತಿ ವೇಗ’. ‘ಅತಿ ವೇಗ’ದ ಇಳಿತ ಕಂಡಮೇಲೆ ಹೊರಗಿನ ಕೆಲಸವನ್ನೆಲ್ಲ ನಿಲ್ಲಿಸಿಬಿಡಿ.

ಮೊಬೈಲಿನ ಸೆನ್ಸರ್ ಬಳಸುವುದಾದರೆ ಅದು ತೋರಿಸುವುದು ನೀವಿರುವ ಎತ್ತರದ ಒತ್ತಡ ಎಂಬುದು ನೆನಪಿರಲಿ. ಪ್ರತಿ 8 ಮೀಟರ್ ಎತ್ತರಕ್ಕೆ 1 ಕೂಡಿಸಿದರೆ ಸಮುದ್ರಮಟ್ಟದ ಅಂಕಿ ಸಿಗುತ್ತದೆ. ಮನೆ 40 ಮೀಟರ್ ಎತ್ತರದ ದಿಬ್ಬದ ಮೇಲಿದ್ದರೆ 5 ಕೂಡಿಸಿ. ಒಂದೆರಡು ಹೆಕ್ಟೋಪಾಸ್ಕಲ್ ತಪ್ಪಿರಬಹುದು, ಆದರೆ ಏರಿಳಿತವನ್ನು ಅದು ಚೆನ್ನಾಗಿ ಹಿಡಿಯುತ್ತದೆ. ಫೋನ್ ಒಂದೇ ಮಹಡಿಯಲ್ಲಿರಲಿ, ಮೆಟ್ಟಿಲು ಹತ್ತಿದರೂ ಅಂಕಿ ಬದಲಾಗುತ್ತದೆ. ಬಾಡಿಗೆ ಮನೆಯ ಗೋಡೆಯಲ್ಲಿ ಹಳೆಯ ಮುಳ್ಳಿನ ಬಾರೋಮೀಟರ್ ಇದ್ದರೆ ಅದೂ ಉಪಯುಕ್ತ. ಗಾಳಿಯಿಲ್ಲದ ದಿನ ಹತ್ತಿರದ ಹವಾಮಾನ ಕೇಂದ್ರದ ಅಂಕಿಗೆ ಹಿಂಬದಿಯ ಪುಟ್ಟ ತಿರುಪನ್ನು ತಿರುಗಿಸಿ ಹೊಂದಿಸಿ. ಇಂಚಿನ ಮಾಪಕವಾದರೆ 29.92 ಎಂದರೆ 1013, 28 ಎಂದರೆ 948.

ಈಗ ಗಾಳಿಯ ದಿಕ್ಕು. ಗಾಳಿಗೆ ಬೆನ್ನು ಮಾಡಿ ನಿಂತರೆ ಸುಳಿಯ ಕೇಂದ್ರ ನಿಮ್ಮ ಎಡಗಡೆಗಿರುತ್ತದೆ, ಉತ್ತರಾರ್ಧಗೋಳದಲ್ಲೆಲ್ಲ ಇದೇ ನಿಯಮ. ಐರ್ಲೆಂಡಿನ ಬಹುಪಾಲು ಸುಳಿಗಳು ವಾಯವ್ಯದ ಕಡಲಿನಲ್ಲಿ ಹಾದುಹೋಗುತ್ತವೆ. ಆಗ ಗಾಳಿ ಆಗ್ನೇಯ ಅಥವಾ ದಕ್ಷಿಣದಿಂದ ಶುರುವಾಗಿ, ನೈಋತ್ಯಕ್ಕೆ, ಆಮೇಲೆ ಪಶ್ಚಿಮ, ವಾಯವ್ಯಕ್ಕೆ ತಿರುಗುತ್ತದೆ. ಹೊಸಬರು ಮೋಸಹೋಗುವುದು ಇಲ್ಲೇ: ಮಳೆ ನಿಂತು, ಆಕಾಶ ತೆರೆದು, ವಾಯುಭಾರ ಏರತೊಡಗಿದಾಗ ಎಲ್ಲ ಮುಗಿಯಿತು ಎಂದುಕೊಳ್ಳುತ್ತಾರೆ. ಎಷ್ಟೋ ಬಿರುಗಾಳಿಗಳಲ್ಲಿ ಅತಿ ಜೋರಿನ ಹೊಡೆತ ಬರುವುದು ಒತ್ತಡ ಸರ್ರನೆ ಏರುವ ಆ ಹೊತ್ತಿನಲ್ಲೇ, ಅದೂ ಹೊಸ ದಿಕ್ಕಿನಿಂದ. ದಕ್ಷಿಣದ ಗಾಳಿಗೆ ಮನೆಯ ಮರೆಯಲ್ಲಿದ್ದ ಕಾರು ಪಶ್ಚಿಮದ ಗಾಳಿಗೆ ಬಯಲಿಗೆ ಬೀಳುತ್ತದೆ. ವಾಯುಭಾರ ಏರಿ, ಗಾಳಿಯೂ ಇಳಿದು, ಎಚ್ಚರಿಕೆಯ ಅವಧಿ ಮುಗಿಯುವ ತನಕ ಹೊರಗೆ ಹೋಗಬೇಡಿ.

ಎಚ್ಚರಿಕೆಗಳಿಗೆ ಐರ್ಲೆಂಡಿನ ಹವಾಮಾನ ಇಲಾಖೆ ಮೆಟ್ ಏರನ್ ನೋಡಿ. ಜಿಲ್ಲಾವಾರು ಹಳದಿ, ಕಿತ್ತಳೆ, ಕೆಂಪು ಎಂದು ಕೊಡುತ್ತಾರೆ. ಸ್ಥೂಲವಾಗಿ ಗಂಟೆಗೆ 110ರಿಂದ 130 ಕಿ.ಮೀ. ಬೀಸುಗಾಳಿಗೆ ಕಿತ್ತಳೆ, ಅದಕ್ಕೂ ಮೇಲೆ ಕೆಂಪು. ಗಾಳಿಯ ಒತ್ತು ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 100 ಕಿ.ಮೀ. ಗಾಳಿ ಚದರ ಮೀಟರಿಗೆ ಸುಮಾರು 50 ಕಿಲೋ ತೂಕದಷ್ಟು ತಳ್ಳಿದರೆ, 130ರಲ್ಲಿ ಅದು 83 ಕಿಲೋ. 1.8 ಮೀಟರ್ ಚೌಕದ ಮರದ ಬೇಲಿ ಹಲಗೆಯ ಮೇಲೆ 270 ಕಿಲೋ ಬಿದ್ದಂತೆ. ಬೇಲಿಗಳು ಸಾಲುಸಾಲಾಗಿ ಉರುಳುವುದು ಸುಮ್ಮನಲ್ಲ.

ಹಾಗಾಗಿ ಇವತ್ತು ಬೆಳಕಿರುವಾಗಲೇ ಅಂಗಳ ಖಾಲಿ ಮಾಡಿ. ಗಾಲಿಯ ಕಸದ ಡಬ್ಬಗಳು, ಪ್ಲಾಸ್ಟಿಕ್ ಕುರ್ಚಿ, ಹೂಕುಂಡ, ಬಟ್ಟೆ ಒಣಗಿಸುವ ಸ್ಟ್ಯಾಂಡ್ ಎಲ್ಲ ಒಳಗೆ. ಒಳಗೆ ಹಿಡಿಸದ ಡಬ್ಬವನ್ನು ಗೋಡೆಗೆ ಒರಗಿಸಿ ಹಗ್ಗದಿಂದ ಕಟ್ಟಿ. ಮಕ್ಕಳ ಟ್ರ್ಯಾಂಪೊಲಿನ್ ಇದ್ದರೆ ಬಿಚ್ಚಿಡುವುದೇ ಒಳ್ಳೆಯದು. ಪಕ್ಕದ ಮನೆಯ ಕಿಟಕಿ ಒಡೆಯುವ ವಸ್ತುಗಳಲ್ಲಿ ನನ್ನ ಪಟ್ಟಿಯಲ್ಲಿ ಅದಕ್ಕೇ ಮೊದಲ ಜಾಗ. ಕಾರನ್ನು ಮರ, ಬೇಲಿ, ಹೆಂಚಿನ ಸೂರಿನ ಅಂಚಿನಿಂದ ದೂರ ನಿಲ್ಲಿಸಿ. ಒಳಗಿನ ಒತ್ತಡಕ್ಕೆ ಮನೆ ಸಿಡಿಯದಿರಲಿ ಎಂದು ಕಿಟಕಿ ತೆರೆದಿಡಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಮನೆಗಳು ಗಾಳಿಯಾಡದಷ್ಟು ಬಿಗಿಯಾಗಿರುವುದಿಲ್ಲ, ಒಳಗಿನ ಹೊರಗಿನ ಒತ್ತಡ ತಾನೇ ಸಮವಾಗುತ್ತದೆ. ತೆರೆದ ಕಿಟಕಿಯಿಂದ ನುಗ್ಗಿದ ಗಾಳಿ ಛಾವಣಿಯನ್ನು ಒಳಗಿನಿಂದ ಮೇಲಕ್ಕೆತ್ತುತ್ತದೆ. ಆದರೆ ಗೋಡೆಯಲ್ಲಿ ಗಾಳಿಯಾಡಲು ಬಿಟ್ಟಿರುವ ಸ್ಥಿರ ಕಿಂಡಿಗಳನ್ನು ಬಟ್ಟೆ ತುರುಕಿ ಮುಚ್ಚಬೇಡಿ, ಒಲೆಯುರಿಗೆ ಅವು ಬೇಕು. ರಾತ್ರಿ ಮಗುವನ್ನು ಚಿಮಣಿಯ ಕೆಳಗಿನ ಕೋಣೆಯಲ್ಲಾಗಲಿ ದೊಡ್ಡ ಮರದ ಕಡೆಯ ಕೋಣೆಯಲ್ಲಾಗಲಿ ಮಲಗಿಸಬೇಡಿ.

ಕರೆಂಟು ಹೋಗುತ್ತದೆ ಎಂದುಕೊಂಡೇ ಯೋಜಿಸಿ. ಗ್ಯಾಸಾಗಲಿ ಸೀಮೆಎಣ್ಣೆಯಾಗಲಿ, ಬಾಯ್ಲರಿನ ಪಂಪು ಮತ್ತು ಕಿಡಿಗೆ ವಿದ್ಯುತ್ ಬೇಕು, ಆದ್ದರಿಂದ ಹೀಟಿಂಗ್ ಕೂಡ ನಿಲ್ಲುತ್ತದೆ. ಎಲೆಕ್ಟ್ರಿಕ್ ಶವರ್ ನಿಲ್ಲುತ್ತದೆ. ಬಾವಿ ನೀರಿನ ಮನೆಯಾದರೆ ನೀರೂ ನಿಲ್ಲುತ್ತದೆ. ಬಕೆಟ್, ಪಾತ್ರೆಗಳಲ್ಲಿ ತುಂಬಿಡಿ, ಕುಡಿಯಲು ಬೇರೆಯಾಗಿ. ಫೈಬರ್ ಮೇಲಿನ ದೂರವಾಣಿಯೂ ಸತ್ತುಹೋಗುವುದರಿಂದ ಮೊಬೈಲ್, ಪವರ್ ಬ್ಯಾಂಕ್, ಟಾರ್ಚ್ ಎಲ್ಲ ಚಾರ್ಜ್ ಮಾಡಿಕೊಳ್ಳಿ. ಇಂಡಕ್ಷನ್ ಒಲೆ, ರೈಸ್ ಕುಕ್ಕರ್ ನಂಬಿ ಕೂರಬೇಡಿ. ಚಪಾತಿ, ಪುಳಿಯೋಗರೆ ಮುಂಚೆಯೇ ಮಾಡಿಟ್ಟುಕೊಳ್ಳಿ, ಅವಲಕ್ಕಿ, ಚಟ್ನಿಪುಡಿ, ಬ್ರೆಡ್ಡು ಇರಲಿ. ಬಾಗಿಲು ತೆರೆಯದಿದ್ದರೆ ಫ್ರಿಜ್ಜಿನ ತಂಪು ನಾಲ್ಕು ಗಂಟೆ, ತುಂಬಿದ ಫ್ರೀಜರಿನದು ಸುಮಾರು 48 ಗಂಟೆ ಉಳಿಯುತ್ತದೆ. ಮಗುವಿಗೆ ಪುಡಿ ಹಾಲು ಕೊಡುತ್ತಿದ್ದರೆ ಕುದಿಸಿದ ನೀರನ್ನು ಒಳ್ಳೆಯ ಫ್ಲಾಸ್ಕಿನಲ್ಲಿ ತುಂಬಿ, ಬಾಟಲಿಗಳನ್ನು ಮುಂಚೆಯೇ ಸ್ಟೆರಿಲೈಸ್ ಮಾಡಿ. ತಣ್ಣನೆಯ ಮನೆಯಲ್ಲಿ ಮಗುವಿಗೆ ತೆಳುವಾದ ಬಟ್ಟೆಗಳನ್ನು ಪದರಪದರವಾಗಿ ಹಾಕಿ, ಸಡಿಲ ಕಂಬಳಿ ಬೇಡ.

ಒಂದು ಮಾತು ಒತ್ತಿ ಹೇಳಲೇಬೇಕು. ಬಾರ್ಬೆಕ್ಯೂ, ಕ್ಯಾಂಪಿಂಗ್ ಗ್ಯಾಸ್ ಒಲೆ, ಜನರೇಟರ್ ಯಾವುದನ್ನೂ ಮನೆಯೊಳಗೆ, ಗ್ಯಾರೇಜಿನಲ್ಲಿ ಕೂಡ, ಹಚ್ಚಬೇಡಿ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಬೀಸುಗಾಳಿಗೆ ಚಿಮಣಿಯ ಹೊಗೆ ಹಿಮ್ಮುಖವಾಗಿ ಕೋಣೆಗೆ ಇಳಿಯಬಹುದು, ಆದ್ದರಿಂದ ಅಗ್ಗಿಷ್ಟಿಕೆಯಿದ್ದರೆ ಕಾರ್ಬನ್ ಮಾನಾಕ್ಸೈಡ್ ಪತ್ತೆಹಚ್ಚುವ ಬ್ಯಾಟರಿಯ ಅಲಾರಂ ಇರಲೇಬೇಕು. ಇಂದೇ ಗುಂಡಿ ಒತ್ತಿ ಸದ್ದು ಬರುತ್ತದೆಯೇ ನೋಡಿ.

ಸಮುದ್ರದ ದಂಡೆಗೆ ಹೋಗಬೇಡಿ. ಒತ್ತಡ 1 ಹೆಕ್ಟೋಪಾಸ್ಕಲ್ ಇಳಿದರೆ ನೀರು ಸುಮಾರು 1 ಸೆಂ.ಮೀ. ಏರುತ್ತದೆ. 955 ಎಂದರೆ ಅರ್ಧ ಮೀಟರಿಗೂ ಹೆಚ್ಚು, ಅದರ ಮೇಲೆ ಗಾಳಿ ತಳ್ಳಿ ತರುವ ನೀರು, ಅಲೆ. ಉಬ್ಬರದ ಸಮಯ ನೋಡಿಕೊಳ್ಳಿ. ಅದು ಬಿರುಗಾಳಿ ಅತಿ ಜೋರಾಗಿರುವ ಹೊತ್ತಿಗೇ ಬಂದು ಕೂಡಿದರೆ ತಗ್ಗಿನ ರಸ್ತೆ ಮುಳುಗಬಹುದು.

ಗಾಳಿ ಇಳಿದ ಮೇಲೆ ಬಿದ್ದ ತಂತಿ ಕಂಡರೆ, ಕರೆಂಟಿಲ್ಲವೆಂದು ಭಾವಿಸದೆ ದೂರವಿದ್ದು ವಿದ್ಯುತ್ ತಂತಿಗಳನ್ನು ನೋಡಿಕೊಳ್ಳುವ ಇ.ಎಸ್.ಬಿ. ನೆಟ್‌ವರ್ಕ್ಸ್‌ಗೆ 1800 372 999ಕ್ಕೆ ಕರೆ ಮಾಡಿ; ಪ್ರಾಣಾಪಾಯವಾದರೆ 112 ಅಥವಾ 999. ಆಮೇಲೆ ನೆಲದ ಮೇಲೆ ನಿಂತೇ ಛಾವಣಿಯನ್ನು ಸುತ್ತಲೂ ನೋಡಿ, ಏಣಿ ಹತ್ತಬೇಡಿ. ಜಾರಿದ ಹೆಂಚು, ಅಲುಗಾಡುವ ಬೇಲಿಕಂಬದ ಫೋಟೊ ತೆಗೆದು ಅಂದೇ ಮನೆ ಮಾಲೀಕರಿಗೆ ಕಳಿಸಿ. ಚಳಿಗಾಲದ ಈ ಸುಳಿಗಳು ಒಂದರ ಹಿಂದೊಂದು ಬರುತ್ತವೆ. ಮುಂದಿನದು ಮೂರು ದಿನದಲ್ಲೇ ಬರಬಹುದು, ಈ ಸಲ ಸಡಿಲಗೊಂಡ ಹೆಂಚು ಅದರ ಸಾಧಾರಣ ಗಾಳಿಗೇ ಉದುರುತ್ತದೆ.