ಅಜ್ಜನ ಟ್ರಂಕಿನ ಬ್ಯಾಗ್‌ಪೈಪ್: ಉಜ್ಜುವ ಮೊದಲು, ಮಾರುವ ಮೊದಲು

ಉಳಿದದ್ದನ್ನು ಆಮೇಲೆ ಓದಿ, ಮೊದಲು ಇಷ್ಟನ್ನು ಪಾಲಿಸಿ. ಬೆಳ್ಳಿಯ ಬಳೆಗಳನ್ನು ವಿಭೂತಿ ಹಾಕಿ ಉಜ್ಜಬೇಡಿ. ಮರಕ್ಕೆ ಕೊಬ್ಬರಿ ಎಣ್ಣೆ ಹಚ್ಚಬೇಡಿ. ಆ ಹಳೆಯ ಚೀಲಕ್ಕೆ ಬಾಯಿಟ್ಟು ಊದಲೇಬೇಡಿ.

ನೀವು ಸೋಮವಾರಪೇಟೆಯಿಂದ ಈ ಗುಂಪಿನಲ್ಲಿ ಬರೆದದ್ದು ಇಷ್ಟು: ಅಜ್ಜ ಸೈನ್ಯದ ಬ್ಯಾಂಡಿನಲ್ಲಿದ್ದರು, ಅಟ್ಟದ ಮೇಲಿನ ಟ್ರಂಕಿನಲ್ಲಿ ಅವರ ಬ್ಯಾಗ್‌ಪೈಪ್ ಸಿಕ್ಕಿದೆ, ಚಾಂಟರ್ (ಬೆರಳಾಡಿಸಿ ನುಡಿಸುವ ಕೊಳವೆ) ಮೇಲೆ ಹೆಂಡರ್ಸನ್, ಗ್ಲಾಸ್ಗೋ ಎಂಬ ತಯಾರಕರ ಮುದ್ರೆಯಿದೆ, ಅಲ್ಲಲ್ಲಿ ಬಿಳಿ ಬಳೆಗಳಿವೆ, ಆನ್‌ಲೈನಿನಲ್ಲಿ ಒಬ್ಬರು ನಲವತ್ತು ಸಾವಿರಕ್ಕೆ ಕೇಳುತ್ತಿದ್ದಾರೆ, ಕೊಡಬಹುದೇ ಎಂದು. ಅದರ ಕೆಳಗೆ ಬೆಂಗಳೂರಿನ ಸಹೋದರಿಯೊಬ್ಬರು ಕಲಿಯುವುದಕ್ಕೆ ಹಳೆಯ ಸೆಟ್ ಕೊಳ್ಳಲೇ ಎಂದು ಕೇಳಿದ್ದಾರೆ. ನಾನು ಸ್ಕಾಟ್ಲೆಂಡಿನ ಗ್ಲಾಸ್ಗೋ ಪಕ್ಕದಲ್ಲಿ ಹದಿನೆಂಟು ವರ್ಷದಿಂದ ಇದ್ದೇನೆ, ಊರಿನ ಬ್ಯಾಂಡಿನಲ್ಲಿ ಬಾರಿಸುತ್ತೇನೆ, ಐದಾರು ಹಳೆಯ ಸೆಟ್‌ಗಳನ್ನು ಕೊಂಡು ಮಾರಿದ್ದೇನೆ. ಒಮ್ಮೆ ಚೆನ್ನಾಗಿ ಟೋಪಿಯನ್ನೂ ಹಾಕಿಸಿಕೊಂಡಿದ್ದೇನೆ.

ಊದಬೇಡಿ ಎಂದದ್ದು ತಮಾಷೆಗಲ್ಲ. 2016ರಲ್ಲಿ ಥೊರಾಕ್ಸ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಇಂಗ್ಲೆಂಡಿನ ವಾದಕರೊಬ್ಬರ ಪ್ರಕರಣ ಬಂದಿತ್ತು. ಅವರು ಶ್ವಾಸಕೋಶದ ಕಾಯಿಲೆಯಿಂದ ತೀರಿಕೊಂಡಿದ್ದರು. ವಾದ್ಯದೊಳಗೆ ಬೆಳೆದಿದ್ದ ಬೂಷ್ಟನ್ನು ದಿನವೂ ಉಸಿರಿನೊಂದಿಗೆ ಎಳೆದುಕೊಂಡದ್ದೇ ಕಾರಣವಿರಬೇಕೆಂದು ವೈದ್ಯರು ಬರೆದಿದ್ದರು. ಕೊಡಗಿನ ಎಷ್ಟು ಮಳೆಗಾಲಗಳನ್ನು ಆ ಟ್ರಂಕು ಕಂಡಿದೆಯೋ! ಚೀಲ ಕುರಿಯ ಚರ್ಮದ್ದಾಗಿದ್ದರೆ ಅದರ ಆಯಸ್ಸು ಯಾವತ್ತೋ ಮುಗಿದಿದೆ, ಬೆಲೆಯಲ್ಲಿ ಅದಕ್ಕೆ ಲೆಕ್ಕವಿಲ್ಲ. ಎಸೆಯುವ ಮುನ್ನ ಒಂದು ಚಿತ್ರ ತೆಗೆದಿಡಿ, ಮೇಲಿನ ಬಟ್ಟೆಯ ಕವಚವನ್ನು ಮಾತ್ರ ಇಟ್ಟುಕೊಳ್ಳಿ. ಪಲ್ಟಣದ ಬಣ್ಣಗಳಿದ್ದರೆ ಅದೂ ವಾದ್ಯದ ಜಾತಕದ ಒಂದು ಪುಟ.

ಈಗ ಮುದ್ರೆಯ ವಿಷಯ. ಬ್ಯಾಗ್‌ಪೈಪ್ ಎಂದರೆ ಒಂದು ವಸ್ತುವಲ್ಲ, ತುಂಡುಗಳ ಕೂಟ. ಸ್ಕಾಟ್ಲೆಂಡಿನ ದೊಡ್ಡ ಬ್ಯಾಗ್‌ಪೈಪಿನಲ್ಲಿ ಶ್ರುತಿ ಹಿಡಿಯುವ ಕೊಳವೆಗಳು, ಅಂದರೆ ಡ್ರೋನ್‌ಗಳು, ಮೂರು (ಹಾರುವ ಡ್ರೋನ್ ಅಲ್ಲ, ಮಾರಾಯರೇ). ಉದ್ದನೆಯ ಬಾಸ್ ಡ್ರೋನಿನಲ್ಲಿ ಮೂರು ತುಂಡು, ಗಿಡ್ಡನೆಯ ಎರಡು ಟೆನರ್ ಡ್ರೋನ್‌ಗಳಲ್ಲಿ ಎರಡೆರಡು. ಚೀಲಕ್ಕೆ ಕಟ್ಟುವ ಸ್ಟಾಕ್‌ಗಳು ಐದು, ಊದುಗೊಳವೆ ಒಂದು, ಬೆರಳಾಡಿಸುವ ಚಾಂಟರ್ ಒಂದು. ಒಟ್ಟು ಹದಿನಾಲ್ಕು ಮರದ ತುಂಡುಗಳು. ನೂರು ವರ್ಷದಲ್ಲಿ ಇವುಗಳಲ್ಲಿ ಯಾವುದು ಬೇಕಾದರೂ ಬದಲಾಗಿರಬಹುದು. ಎಂಜಲು ತಾಗುವ ಊದುಗೊಳವೆ ಬೇಗ ಹಾಳಾಗುತ್ತದೆ. ಚಾಂಟರ್ ಅಂತೂ ಬದಲಾಗಿಯೇ ಬದಲಾಗುತ್ತದೆ, ಏಕೆಂದರೆ ವಾದ್ಯದ ಶ್ರುತಿ ಏರುತ್ತಲೇ ಬಂದಿದೆ. ಕಳೆದ ಶತಮಾನದ ಆರಂಭದಲ್ಲಿ ಸುಮಾರು 460 ಹರ್ಟ್ಸ್‌ನಲ್ಲಿದ್ದ ಆಧಾರಸ್ವರ ಇಂದಿನ ಬ್ಯಾಂಡುಗಳಲ್ಲಿ 480ರ ಆಚೀಚೆಗೆ ಬಂದು ನಿಂತಿದೆ. ಹಳೆಯ ಚಾಂಟರ್ ಹಿಡಿದು ಈಗಿನ ಬ್ಯಾಂಡಿನಲ್ಲಿ ನಿಂತರೆ ಪಕ್ಕದವನು ಕೆಕ್ಕರಿಸಿ ನೋಡುತ್ತಾನೆ.

ಹಾಗಾಗಿ ಚಾಂಟರಿನ ಮೇಲೆ ಹೆಂಡರ್ಸನ್ ಎಂದಿದ್ದರೆ ಚಾಂಟರ್ ಹೆಂಡರ್ಸನ್ ಅವರದ್ದು, ಅಷ್ಟೇ. ಬೆಲೆ ಕೂತಿರುವುದು ಡ್ರೋನ್‌ಗಳಲ್ಲಿ. ಸಿಕ್ಕು ಏನೆಂದರೆ ಅನೇಕ ತಯಾರಕರು ಡ್ರೋನ್‌ಗಳ ಮೇಲೆ ಮುದ್ರೆ ಒತ್ತುತ್ತಲೇ ಇರಲಿಲ್ಲ. ನಾನು ಬಿದ್ದದ್ದು ಇದೇ ಹಳ್ಳಕ್ಕೆ. ಮುದ್ರೆಯ ಚಿತ್ರವೊಂದನ್ನು ನೋಡಿ, ಆರುನೂರು ಪೌಂಡ್ ಕೊಟ್ಟು ‘ಹೆಂಡರ್ಸನ್ ಸೆಟ್’ ತರಿಸಿಕೊಂಡೆ. ಚಾಂಟರ್ ಅಸಲಿ. ಡ್ರೋನ್‌ಗಳು ಪಾಕಿಸ್ತಾನದ ಸಿಯಾಲ್‌ಕೋಟಿನ ಶೀಶಂ ಮರ, ಮೇಲೆ ಕಪ್ಪು ಬಣ್ಣ. ಒದ್ದೆ ಬಟ್ಟೆಯಲ್ಲಿ ಒರೆಸಿದಾಗ ಬಟ್ಟೆ ಕಪ್ಪಾಯಿತು, ನನ್ನ ಮುಖವೂ.

ಸಿಯಾಲ್‌ಕೋಟ್ ಎಂದರೆ ಮೂಗು ಮುರಿಯಬೇಕಾಗಿಲ್ಲ. ಅಲ್ಲೂ, ನಮ್ಮ ಜಲಂಧರ್ ಮತ್ತು ಮೇರಠ್‌ಗಳಲ್ಲೂ ಬ್ಯಾಗ್‌ಪೈಪ್ ಮಾಡುತ್ತಾರೆ, ಎಷ್ಟೋ ಶಾಲೆ ಮತ್ತು ಪೊಲೀಸ್ ಬ್ಯಾಂಡುಗಳು ಅವುಗಳಿಂದಲೇ ನಡೆಯುತ್ತವೆ. ಅವನ್ನು ಸ್ಕಾಟ್ಲೆಂಡಿನ ಪುರಾತನ ವಾದ್ಯವೆಂದು ಮಾರುವುದು ಮೋಸ, ಅಷ್ಟೇ ನನ್ನ ತಕರಾರು.

ಮನೆಯಲ್ಲೇ ನೋಡುವುದು ಹೇಗೆ? ಎಲ್ಲ ತುಂಡುಗಳನ್ನೂ ಬಿಚ್ಚಿ ಬಿಳಿ ಪಂಚೆಯ ಮೇಲೆ ಸಾಲಾಗಿ ಇಡಿ. ಮರದ ಮೇಲೆ ಕಡೆದ ಸಣ್ಣ ಸಾಲುಗೆರೆಗಳಿರುತ್ತವೆ. ಎರಡು ಟೆನರ್‌ಗಳನ್ನು ಅಕ್ಕಪಕ್ಕ ಇಟ್ಟು ಗೆರೆಗಳನ್ನು ಎಣಿಸಿ, ಉಬ್ಬಿನ ಆಕಾರ ಹೋಲಿಸಿ. ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವುದನ್ನು ನೋಡಿದವರಿಗೆ ಗೊತ್ತು, ಪ್ರತಿಯೊಬ್ಬ ಕುಶಲಕರ್ಮಿಯ ಉಳಿಗೂ ಒಂದು ಅಭ್ಯಾಸವಿರುತ್ತದೆ, ಅದು ತುಂಡಿನಿಂದ ತುಂಡಿಗೆ ಹಾಗೆಯೇ ಬರುತ್ತದೆ. ಗೆರೆ ಅಡ್ಡಾದಿಡ್ಡಿಯಾಗಿದ್ದರೆ, ಒಂದು ಟೆನರಿನಲ್ಲಿ ಆಳ, ಇನ್ನೊಂದರಲ್ಲಿ ತೇಲಿದ್ದರೆ ಅನುಮಾನಿಸಿ. ಆಮೇಲೆ ಮರ. ಮೇಲ್ತುದಿಯ ಒಳಭಾಗಕ್ಕೆ ಟಾರ್ಚ್ ಬಿಡಿ. ಆಫ್ರಿಕಾದ ಬ್ಲ್ಯಾಕ್‌ವುಡ್ ಒಳಗೂ ಕಪ್ಪಗೆ ನೇರಳೆ ಛಾಯೆಯಲ್ಲಿರುತ್ತದೆ, ನೀರಿನಲ್ಲಿ ಮುಳುಗುವಷ್ಟು ಭಾರ (ಮುಳುಗಿಸಿ ನೋಡಬೇಡಿ). ಅದಕ್ಕಿಂತ ಮುಂಚೆ ಬಳಕೆಯಲ್ಲಿದ್ದ ಕೆರಿಬಿಯನ್ ಕಡೆಯ ಕೋಕಸ್ ಮರ ಕೆಂಪು ಮಿಶ್ರಿತ ಕಂದು. ಟಾರ್ಚ್ ಹಿಡಿದಿರುವಾಗಲೇ ಬಿರುಕು ಹುಡುಕಿ, ಮುಖ್ಯವಾಗಿ ಮೇಲ್ತುಂಡು ಕೆಳತುಂಡನ್ನು ನುಂಗುವ ಜಾಗದಲ್ಲಿ, ಸ್ಟಾಕ್‌ಗಳಲ್ಲಿ ಮತ್ತು ಬಳೆಗಳ ಅಂಚಿನಲ್ಲಿ. ಬಿರುಕನ್ನು ತುಂಬಿಸಬಹುದು, ಅದು ಸಾವಲ್ಲ. ಬಚ್ಚಿಟ್ಟು ಮಾರಿದರೆ ಮಾತ್ರ ಜಗಳ.

ಕಾಗೆಯ ಕಾಲಿನಂಥ ಬಾಣದ ಗುರುತು ಎಲ್ಲಾದರೂ ಇದೆಯೇ ನೋಡಿ. ಅದು ಬ್ರಿಟಿಷ್ ಸೈನ್ಯದ ಸರ್ಕಾರಿ ಸ್ವತ್ತಿನ ಗುರುತು. ಇದ್ದರೆ ಅಜ್ಜನ ನಿವೃತ್ತಿಯ ಕಾಗದ, ವಾದ್ಯ ಹಿಡಿದು ನಿಂತ ಚಿತ್ರ, ಏನಿದ್ದರೂ ಹುಡುಕಿಡಿ. ಕೊಳ್ಳುವವನು ಇದು ನಿಮ್ಮ ಕೈಗೆ ಹೇಗೆ ಬಂತು ಎಂದು ಕೇಳಿಯೇ ಕೇಳುತ್ತಾನೆ.

ಲೋಹದ ಬಳೆಗಳ ಮೇಲೆ ಭೂತಗನ್ನಡಿ ಹಿಡಿಯಿರಿ. ಮೂರು ಗೋಪುರದ ಕೋಟೆ ಎಡಿನ್‌ಬರೋದ ಬೆಳ್ಳಿ ಪರೀಕ್ಷೆಯ ಮುದ್ರೆ, ಲಂಗರು ಬರ್ಮಿಂಗ್‌ಹ್ಯಾಮ್‌ನದ್ದು. ಜೊತೆಗಿರುವ ಅಕ್ಷರ ವರ್ಷವನ್ನು ಹೇಳುತ್ತದೆ. ಆದರೆ ಆ ವರ್ಷ ಬೆಳ್ಳಿಯ ವಯಸ್ಸು, ಮರದ್ದಲ್ಲ, ಬಳೆಯನ್ನು ಆಮೇಲೆ ತೊಡಿಸಿರಬಹುದು. ಮುದ್ರೆಯೇ ಇಲ್ಲದಿದ್ದರೆ ಬಹುಪಾಲು ಜರ್ಮನ್ ಸಿಲ್ವರ್, ಅದರಲ್ಲಿ ಬೆಳ್ಳಿ ಗುಲಗಂಜಿಯಷ್ಟೂ ಇರುವುದಿಲ್ಲ. ಉಜ್ಜಬೇಡಿ ಎಂದದ್ದು ಇದಕ್ಕೇ: ಸವೆದ ಮುದ್ರೆಯನ್ನೂ ಕೆತ್ತನೆಯನ್ನೂ ಮರಳಿ ತರಲಾಗದು.

ನಿಮ್ಮ ವಿಷಯದಲ್ಲಿ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಬಿಳಿ ಬಳೆಗಳದ್ದು. ಹಳೆಯ ಉತ್ತಮ ಸೆಟ್‌ಗಳಲ್ಲಿ ಅವು ಆನೆದಂತವೇ ಆಗಿರಬಹುದು, ಅನುಕರಣೆಯೂ ಆಗಿರಬಹುದು. ದಂತದ ಅಡ್ಡಕೊಯ್ತದ ಮುಖದಲ್ಲಿ ಗೆರೆಗಳು ಒಂದನ್ನೊಂದು ಕತ್ತರಿಸಿ ಬಲೆಯಂತೆ ಕಾಣುತ್ತವೆ. ಅನುಕರಣೆಗೆ ಬಳಸುವ ಸೆಲ್ಯುಲಾಯ್ಡ್ ಎಂಬ ಹಳೆಯ ಬಗೆಯ ಪ್ಲಾಸ್ಟಿಕ್‌ನಲ್ಲಿ ಗೆರೆಗಳು ಒಂದಕ್ಕೊಂದು ಸಮಾನಾಂತರವಾಗಿ, ಅತಿಯಾದ ಅಚ್ಚುಕಟ್ಟಿನಲ್ಲಿ ಓಡುತ್ತವೆ. ಮೂಳೆಯಲ್ಲಿ ಸಣ್ಣ ಕಪ್ಪು ಚುಕ್ಕೆಗಳಿರುತ್ತವೆ. ಕಾದ ಸೂಜಿ ಚುಚ್ಚಿ ನೋಡಿ ಎಂದು ಈ ಗುಂಪಿನಲ್ಲೇ ಒಬ್ಬರು ಹೇಳಿದ್ದಾರೆ, ದಯವಿಟ್ಟು ಬೇಡ. ಸೆಲ್ಯುಲಾಯ್ಡ್ ಭಗ್ಗನೆ ಹೊತ್ತಿಕೊಳ್ಳುವ ವಸ್ತು.

ದಂತವೇ ಎಂದಾದರೆ ನಲವತ್ತು ಸಾವಿರವಲ್ಲ, ನಲವತ್ತು ಲಕ್ಷ ಕೊಟ್ಟರೂ ಭಾರತದಲ್ಲಿ ಮಾರುವಂತಿಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1986ರಲ್ಲಿ ಬಂದ ತಿದ್ದುಪಡಿ ಭಾರತೀಯ ಆನೆಯ ದಂತದ ವ್ಯಾಪಾರವನ್ನೂ 1991ರ ತಿದ್ದುಪಡಿ ಆಫ್ರಿಕಾದ ದಂತದ ವ್ಯಾಪಾರವನ್ನೂ ನಿಲ್ಲಿಸಿದವು. ವಾದ್ಯದ ಅಲಂಕಾರ ಮಾತ್ರ ಎಂಬ ಸಬೂಬು ನಡೆಯುವುದಿಲ್ಲ. ಬ್ರಿಟನ್ನಿನಲ್ಲಿ 2022ರ ಜೂನ್‌ನಿಂದ ಜಾರಿಯಲ್ಲಿರುವ ದಂತ ಕಾನೂನು 1975ಕ್ಕಿಂತ ಮೊದಲು ಮಾಡಿದ, ಗಾತ್ರದಲ್ಲಿ ಶೇ 20ಕ್ಕಿಂತ ಕಡಿಮೆ ದಂತವಿರುವ ವಾದ್ಯಗಳಿಗೆ ವಿನಾಯಿತಿ ಕೊಟ್ಟಿದೆ, ನೋಂದಣಿ ಮಾಡಿಸಿ ಮಾರಬಹುದು. ಆದರೆ ಅದು ಅಲ್ಲಿರುವ ವಾದ್ಯಕ್ಕೆ. ‘ಕೊರಿಯರ್ ಮಾಡಿಬಿಡಿ, ಇಲ್ಲಿ ನಾನು ನೋಡಿಕೊಳ್ಳುತ್ತೇನೆ’ ಎನ್ನುವವರ ಮಾತಿಗೆ ಮರುಳಾಗಬೇಡಿ. ಮೊದಲು ಒಬ್ಬ ವಕೀಲರನ್ನು ಕಂಡು, ಅರಣ್ಯ ಇಲಾಖೆಗೆ ಬರವಣಿಗೆಯಲ್ಲಿ ತಿಳಿಸುವ ದಾರಿ ಕೇಳಿ. ದಂತ ಇಲ್ಲದಿದ್ದರೂ ನೂರು ವರ್ಷ ದಾಟಿದ ವಸ್ತುವಾದರೆ 1972ರ ಪ್ರಾಚ್ಯವಸ್ತು ಕಾಯ್ದೆ ಅಡ್ಡ ಬರಬಹುದು. ಹೊರದೇಶಕ್ಕೆ ಕಳಿಸುವ ಮುನ್ನ, ಇದು ಪ್ರಾಚ್ಯವಸ್ತುವಲ್ಲ ಎಂಬ ಪ್ರಮಾಣಪತ್ರವನ್ನು ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಪಡೆಯಬೇಕಾದೀತು.

ಬಳೆಗಳು ಅನುಕರಣೆ, ಡ್ರೋನ್‌ಗಳು ಒಂದೇ ಕೈಯವು ಎಂದಾದರೆ ನಲವತ್ತು ಸಾವಿರ ತೀರಾ ಕಡಿಮೆ. ಇಲ್ಲಿ ಹೊಸ ಬ್ಲ್ಯಾಕ್‌ವುಡ್‌ನ ಸಾದಾ ಸೆಟ್ಟೇ ಲಕ್ಷ ರೂಪಾಯಿ ದಾಟುತ್ತದೆ. ಹೆಂಡರ್ಸನ್, ಅಬರ್‌ಫೆಲ್ಡಿಯ ಮ್ಯಾಕ್‌ಡೂಗಲ್, ಎಡಿನ್‌ಬರೋದ ಗ್ಲೆನ್ ಮೊದಲಾದವರ ಹಳೆಯ ಡ್ರೋನ್‌ಗಳ ನಾದಕ್ಕೆ ಈಗಿನ ಏಕವ್ಯಕ್ತಿ ಸ್ಪರ್ಧಿಗಳೂ ಹಾತೊರೆಯುತ್ತಾರೆ. ಡ್ರೋನ್‌ಗಳು ಬಣ್ಣ ಬಳಿದ ಶೀಶಂ ಆಗಿದ್ದರೆ ಮಾತ್ರ ಆ ಪುಣ್ಯಾತ್ಮನಿಗೆ ವಿಷಯ ತಿಳಿಸಿ, ಆಮೇಲೂ ಕೊಡುತ್ತೇನೆ ಎಂದರೆ ನಗದು ಎಣಿಸಿಕೊಳ್ಳಿ.

ಬೆಂಗಳೂರಿನ ಸಹೋದರಿಗೆ: ಈಗಲೇ ಸೆಟ್ ಬೇಡ. ಪ್ಲಾಸ್ಟಿಕ್‌ನ ಅಭ್ಯಾಸದ ಚಾಂಟರ್ ಒಂದನ್ನು ಹೊಸದಾಗಿಯೇ ಕೊಂಡು ಆರು ತಿಂಗಳೋ ವರ್ಷವೋ ಬೆರಳು ಪಳಗಿಸಿ. ಅಷ್ಟರಲ್ಲಿ ಆಸೆ ಇಳಿದರೆ ದುಡ್ಡು ಉಳಿಯಿತು. ಇಳಿಯದಿದ್ದರೆ ಹಳೆಯ ಸೆಟ್ ಹುಡುಕಿ. ಮಾರುವವರಿಗೆ ಹದಿನಾಲ್ಕೂ ತುಂಡುಗಳನ್ನು ಬಿಡಿಸಿಟ್ಟ ಚಿತ್ರ ಕೇಳಿ, ಚಿತ್ರದೊಳಗೆ ಅಂದಿನ ತಾರೀಖು ಬರೆದ ಚೀಟಿ ಇರಲಿ, ಬೇರೆಯವರ ಚಿತ್ರ ಕದ್ದು ಹಾಕುವವರು ಬಹಳ. ಒಂದೊಂದೇ ಡ್ರೋನ್ ನುಡಿಸಿದ ವಿಡಿಯೊ ಕೇಳಿ. ಹೊಸ ಚೀಲ, ನಾದ ಹುಟ್ಟಿಸುವ ರೀಡ್‌ಗಳು, ಈಗಿನ ಶ್ರುತಿಯ ಚಾಂಟರ್, ಸುಂಕ ಇಷ್ಟನ್ನೂ ಮನಸ್ಸಿನಲ್ಲೇ ಕೂಡಿಸಿ ಚೌಕಾಸಿ ಮಾಡಿ. ಬ್ಲ್ಯಾಕ್‌ವುಡ್‌ನ ಮೇಲಿನ ಸೈಟಿಸ್ (ಅಳಿವಿನಂಚಿನ ಜೀವಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ನಿರ್ಬಂಧದಿಂದ ಸಿದ್ಧ ವಾದ್ಯಗಳಿಗೆ 2019ರ ನವೆಂಬರ್‌ನಲ್ಲೇ ವಿನಾಯಿತಿ ಸಿಕ್ಕಿದೆ, ಆ ಚಿಂತೆ ಬೇಡ. ದಂತವಿರುವ ಸೆಟ್‌ನ ಹತ್ತಿರವೂ ಹೋಗಬೇಡಿ. ಆಗಸ್ಟಿನಲ್ಲಿ ಈ ಕಡೆ ಬರುವ ನೆಂಟರಿದ್ದರೆ ಗ್ಲಾಸ್ಗೋ ಗ್ರೀನ್‌ನ ವಿಶ್ವ ಪೈಪ್ ಬ್ಯಾಂಡ್ ಸ್ಪರ್ಧೆಗೆ ಕಳಿಸಿ, ಅಲ್ಲಿ ವ್ಯಾಪಾರಿಗಳ ಮಳಿಗೆಗಳಿರುತ್ತವೆ, ಕೈಯಲ್ಲಿ ಹಿಡಿದು ನೋಡಬಹುದು. ಮರದ ವಾದ್ಯ ಮನೆಗೆ ಬಂದ ಮೇಲೆ ಕೆಲವು ವಾರ ದಿನಕ್ಕೆ ಹತ್ತು ಹದಿನೈದು ನಿಮಿಷಕ್ಕಿಂತ ಹೆಚ್ಚು ಊದಬೇಡಿ. ತೇವದ ಸ್ಕಾಟ್ಲೆಂಡಿನಿಂದ ಬಂದ ಮರಕ್ಕೆ ಬೆಂಗಳೂರಿನ ಮಾರ್ಚ್ ತಿಂಗಳು ಬಿರುಕು ತಂದೀತು.

ಸೋಮವಾರಪೇಟೆಯವರೇ, ಎರಡು ಟೆನರ್‌ಗಳನ್ನು ಪಕ್ಕಪಕ್ಕ ಇಟ್ಟ ಚಿತ್ರ ಒಂದು, ಬಿಳಿ ಬಳೆಯ ತುದಿಯನ್ನು ಹತ್ತಿರದಿಂದ ತೆಗೆದ ಚಿತ್ರ ಒಂದು, ಹಗಲು ಬೆಳಕಿನಲ್ಲಿ ತೆಗೆದು ಇಲ್ಲೇ ಹಾಕಿ. ಪಕ್ಕದಲ್ಲಿ ಒಂದು ಸ್ಕೇಲ್ ಇರಲಿ. ಗುರುವಾರ ನಮ್ಮ ಬ್ಯಾಂಡಿನ ಅಭ್ಯಾಸವಿದೆ, ಅಲ್ಲಿನ ಹಿರಿಯರೊಬ್ಬರಿಗೆ ಹಳೆಯ ಡ್ರೋನ್‌ಗಳ ಗೆರೆ ನೋಡಿಯೇ ತಯಾರಕರನ್ನು ಊಹಿಸುವ ಹುಚ್ಚು. ಅವರಿಗೆ ತೋರಿಸಿ ಶುಕ್ರವಾರ ಬರೆಯುತ್ತೇನೆ. ಅಲ್ಲಿಯವರೆಗೆ ಆ ನಲವತ್ತು ಸಾವಿರದವರಿಂದ ಮುಂಗಡ ತೆಗೆದುಕೊಳ್ಳಬೇಡಿ, ಕಾಯಲು ಹೇಳಿ.