ಆ ನಾಲ್ಕು ಭಾನುವಾರಗಳು

ಮಾನ್ಯರೇ,

ನಿಮ್ಮ ಅಜ್ಜಿಯ ನೆನಪಿನ ಬರಹವನ್ನು ಎರಡು ಸಲ ಓದಿದೆ. ಭಾಷೆ ಶುದ್ಧವಾಗಿದೆ, ಅಕ್ಷರ ಅಂದವಾಗಿದೆ, ಅಜ್ಜಿಯ ಮೇಲಿನ ನಿಮ್ಮ ಪ್ರೀತಿಯ ಬಗ್ಗೆ ಸಂದೇಹವಿಲ್ಲ. ಆದರೆ ಎರಡನೆಯ ಸಲ ಓದಿಸಿದ್ದು ಸಿಟ್ಟು. ಅದರ ಕಾರಣವನ್ನು ಮುಚ್ಚಿಡದೆ ಬರೆಯುತ್ತೇನೆ.

ನಿಮ್ಮ ಮೊದಲ ವಾಕ್ಯ: ‘ದೈವಭಕ್ತೆಯೂ ತ್ಯಾಗಮಯಿಯೂ ಸಹನಾಮೂರ್ತಿಯೂ ಆಗಿದ್ದ ನಮ್ಮಜ್ಜಿ ಒಂದು ಭಾನುವಾರವೂ ಚರ್ಚಿನ ಆರಾಧನೆಯನ್ನು ತಪ್ಪಿಸಿದವರಲ್ಲ.’ ಈ ಮೂರು ವಿಶೇಷಣಗಳನ್ನು ಯಾರ ಅಜ್ಜಿಗೆ ಹಚ್ಚಿದರೂ ಅಂಟಿಕೊಳ್ಳುತ್ತವೆ. ಎರಡನೆಯ ಪುಟದಲ್ಲಿ ಅವರನ್ನು ಬೈಬಲಿನ ಜ್ಞಾನೋಕ್ತಿಗಳು 31ನೆಯ ಅಧ್ಯಾಯದ ಗುಣವತಿಯಾದ ಸತಿಗೆ ಹೋಲಿಸಿದ್ದೀರಿ. ಆ 22 ವಚನಗಳನ್ನು ಇನ್ನೊಮ್ಮೆ ಓದಿ: ಆಕೆ ಕತ್ತಲಿರುವಾಗಲೇ ಏಳುತ್ತಾಳೆ, ಉಣ್ಣೆ ನೂಲುತ್ತಾಳೆ, ಹೊಲವನ್ನು ನೋಡಿ ಕೊಂಡುಕೊಳ್ಳುತ್ತಾಳೆ, ಹೊಗಳಿಕೆ ಬರುವುದು ಕೆಲಸವೆಲ್ಲ ಮುಗಿದ ಮೇಲೆ. ಬೈಬಲಿನದೇ ಅಪೊಸ್ತಲರ ಕೃತ್ಯಗಳಲ್ಲಿ ಯೊಪ್ಪ ಎಂಬ ಊರಿನ ತಬಿಥಾ ಎಂಬಾಕೆ ತೀರಿಕೊಂಡಾಗಲೂ ಹಾಗೆಯೇ. ಯೇಸುವಿನ ಶಿಷ್ಯ ಪೇತ್ರನ ಸುತ್ತ ನಿಂತು ಅಳುತ್ತಿದ್ದ ವಿಧವೆಯರು ಆಕೆ ಬದುಕಿದ್ದಾಗ ಮಾಡಿಕೊಟ್ಟಿದ್ದ ಅಂಗಿಗಳನ್ನೂ ಬಟ್ಟೆಗಳನ್ನೂ ಅವನಿಗೆ ತೋರಿಸಿದರು. ನಿಮ್ಮ ಹನ್ನೊಂದು ಪುಟಗಳಲ್ಲಿ ಅಂಥ ಒಂದು ಅಂಗಿಗಾಗಿ ನಾನು ಹುಡುಕಿದೆ.

ಅದು ಏಳನೆಯ ಪುಟದ ಕೊನೆಯಲ್ಲಿ ಸಿಕ್ಕಿತು. ‘ಸೋದರಮಾವ ತೀರಿಕೊಂಡ ಮೇಲೆ ಅಜ್ಜಿ ನಾಲ್ಕು ಭಾನುವಾರ ಚರ್ಚಿಗೆ ಹೋಗಲಿಲ್ಲ. ಐದನೆಯ ವಾರ ಹೋಗಿ ಕಡೆಯ ಬೆಂಚಿನಲ್ಲಿ ಕುಳಿತರು, ಹಾಡಲಿಲ್ಲ. ಆದರೂ ಅವರ ನಂಬಿಕೆ ಎಂದೂ ಕದಲಲಿಲ್ಲ.’ ಇದು ನಿಮ್ಮ ಮೊದಲ ವಾಕ್ಯವನ್ನೇ ಸುಳ್ಳು ಮಾಡುತ್ತದೆ ಎಂಬುದು ಹಾಗಿರಲಿ. ನನ್ನನ್ನು ಕೆರಳಿಸಿದ್ದು ಆ ‘ಆದರೂ’. ಕದಲಲಿಲ್ಲ ಎಂದು ನಿಮಗೆ ಹೇಳಿದವರು ಯಾರು? ಆ ನಾಲ್ಕು ಬೆಳಗುಗಳಲ್ಲಿ ಅವರು ಮನೆಯಲ್ಲಿ ಏನು ಮಾಡುತ್ತಿದ್ದರು, ಗಂಟೆಯ ಸದ್ದು ಕೇಳಿಸಿದಾಗ ಎದ್ದು ಹೋಗಿ ಕಿಟಕಿ ಮುಚ್ಚಿದರೇ, ‘ಬರುವುದಿಲ್ಲವೇ’ ಎಂದು ಕೇಳುವ ಧೈರ್ಯ ಯಾರಿಗಾದರೂ ಬಂದಿತೇ, ಐದನೆಯ ವಾರ ಎಲ್ಲರೂ ಎದ್ದು ಹಾಡುತ್ತಿದ್ದಾಗ ಅವರ ತೊಡೆಯ ಮೇಲಿದ್ದ ಪುಸ್ತಕ ತೆರೆದಿತ್ತೇ ಮುಚ್ಚಿತ್ತೇ ಎಂಬುದೆಲ್ಲ ನಿಮ್ಮ ತಾಯಿಗೆ ತಿಳಿದಿರಬೇಕು. ಸತ್ತವನು ಅವರ ಒಡಹುಟ್ಟಿದವನು. ಮೊಮ್ಮಗುವಾದ ನೀವು ಕಂಡ ನಗುಮುಖಕ್ಕಿಂತ ಬೇರೆಯೇ ಒಬ್ಬ ಹೆಂಗಸನ್ನು ಮಗಳು ನೋಡಿರುತ್ತಾಳೆ. ಆ ತಾಯಿಯನ್ನು ನೀವು ಒಂದು ಮಾತೂ ಕೇಳಿದಂತಿಲ್ಲ. ಬೈಬಲಿನ 88ನೆಯ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ. ಅದಕ್ಕೆ ಸಮಾಧಾನದ ಬಾಲವನ್ನು ಯಾರೂ ಅಂಟಿಸಲಿಲ್ಲ.

ನಾನು ಇಷ್ಟು ಕಟುವಾಗಿ ಬರೆಯಲು ಒಂದು ಹಳೆಯ ಅವಮಾನವೂ ಕಾರಣ. ಕೆಲಸ ಕಲಿಯಲು ಸೇರಿದ ಸಣ್ಣ ವಾರಪತ್ರಿಕೆಯಲ್ಲಿ ನಿಧನವಾರ್ತೆಗಳು ನನ್ನ ಪಾಲಿಗೆ ಬಂದಿದ್ದವು, ‘ಸರಳ ಸಜ್ಜನಿಕೆಯ’, ‘ಮಮತಾಮಯಿ’ ಎಂದು ಗಂಟೆಗೆ ನಾಲ್ಕರಂತೆ ಬರೆದು ಎಸೆಯುತ್ತಿದ್ದೆ. ಒಂದು ವಾರ ಇಬ್ಬರು ಮುದುಕಿಯರ ಚಿತ್ರ, ಹೆಸರುಗಳ ಕೆಳಗೆ ನಾನು ಬರೆದ ಪ್ಯಾರಾಗಳು ಅದಲುಬದಲಾದವು. ಎರಡು ದಿನದ ಮೇಲೆ ಒಬ್ಬರ ಮಗಳು ಕಚೇರಿಗೆ ಬಂದಾಗ ನನ್ನ ಕೈಕಾಲು ತಣ್ಣಗಾಯಿತು. ಆಕೆ ಬಂದದ್ದು ನೆಂಟರಿಗೆ ಹಂಚಲು ಇನ್ನೂ ಹತ್ತು ಪ್ರತಿ ಬೇಕೆಂದು. ಹಿರಿಯ ಸಂಪಾದಕರು ಪ್ರತಿಗಳನ್ನು ಕಟ್ಟಿಕೊಟ್ಟು ಆಕೆಯನ್ನು ಕಳುಹಿಸಿದರು, ಬಳಿಕ ಆ ಪುಟವನ್ನು ನನ್ನ ಮೇಜಿನ ಮೇಲಿಟ್ಟು ಏನೂ ಹೇಳದೆ ಹೋದರು.

ಅಜ್ಜಿಯ ಕುಂದು ಬರೆದರೆ ಅಗೌರವವಾದೀತೆಂಬ ಅಂಜಿಕೆ ನಿಮಗಿದ್ದರೆ ಪ್ರಾಚೀನ ಕ್ರೈಸ್ತ ಚಿಂತಕ ಸಂತ ಅಗಸ್ಟೀನನನ್ನು ನೆನೆಯಿರಿ. ಕ್ರಿ.ಶ. 387ರಲ್ಲಿ ರೋಮಿನ ಬಳಿಯ ಓಸ್ಟಿಯಾದಲ್ಲಿ ತೀರಿಕೊಂಡ ತಾಯಿ ಮೋನಿಕಾಳ ಬಗ್ಗೆ ಬರೆಯುವಾಗ, ಪೀಪಾಯಿಯಿಂದ ದ್ರಾಕ್ಷಾರಸ ತರಲು ಹೋಗುತ್ತಿದ್ದ ಆ ಹುಡುಗಿ ಕದ್ದು ಗುಟುಕರಿಸುತ್ತ ಬಟ್ಟಲುಗಟ್ಟಲೆ ಕುಡಿಯುವ ಚಟಕ್ಕೆ ಬಿದ್ದದ್ದನ್ನೂ, ಜಗಳದಲ್ಲಿ ಮನೆಯ ದಾಸಿ ‘ಕುಡುಕಿ’ ಎಂದು ಮೂದಲಿಸಿದ ಮೇಲೆ ಬಿಟ್ಟದ್ದನ್ನೂ ಅವನು ಮುಚ್ಚಿಡಲಿಲ್ಲ. ಆಕೆಯನ್ನು ಚರ್ಚು ಇಂದಿಗೂ ಸಂತಳೆಂದೇ ಗೌರವಿಸುತ್ತದೆ.

ಹಸ್ತಪ್ರತಿಯನ್ನು ಇದರೊಂದಿಗೆ ಹಿಂದಿರುಗಿಸಿದ್ದೇನೆ. ಏಳನೆಯ ಪುಟದ ಅಂಚಿನ ಪೆನ್ಸಿಲ್ ಗೆರೆ ನನ್ನದು. ನಿಮ್ಮ ತಾಯಿಯ ಬಳಿ ಕುಳಿತು ಮಾತನಾಡಿದ ಮೇಲೆ ಆ ಗೆರೆಯ ಪಕ್ಕದಲ್ಲಿರುವುದನ್ನಷ್ಟೇ ಬರೆದು ಕಳುಹಿಸಿ. ನಾಲ್ಕು ಪುಟವಾದರೂ ಸಾಕು.

ಇತಿ,
ಸಂಪಾದಕ