ಮಳೆನೀರಿನ ಲೆಕ್ಕವನ್ನು ಮೊದಲು ಕೇಳಿ

ಪಕ್ಕದ ಬಯಲಿನಲ್ಲಿ ವಸತಿ ಸಮುಚ್ಚಯ ಬರಲಿದೆ, ಆಕ್ಷೇಪಣೆಯಲ್ಲಿ ಏನು ಬರೆಯಬೇಕು ಎಂದು ಕೇಳಿದ್ದೀರಿ. ‘ನಮಗೆ ಬೇಡ’ ಎಂಬ ಒಂದೇ ಮಾತಿಗೆ ತೂಕವಿರುವುದಿಲ್ಲ. ಹೊಸಬರಿಗೂ ಸೂರು ಬೇಕಲ್ಲವೇ? ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಮಳೆನೀರು. ಒಂದು ಹೆಕ್ಟೇರ್ ಜಾಗದ ಮೇಲೆ 50 ಮಿಲಿಮೀಟರ್ ಮಳೆ ಸುರಿದರೆ 5 ಲಕ್ಷ ಲೀಟರ್ ನೀರು. ಇಲ್ಲಿಯವರೆಗೆ ಅದರಲ್ಲಿ ಸಾಕಷ್ಟನ್ನು ಮಣ್ಣು ಕುಡಿಯುತ್ತಿತ್ತು, ಕಾಂಕ್ರೀಟ್ ಕುಡಿಯುವುದಿಲ್ಲ. ಆ ನೀರು ಯಾವ ಚರಂಡಿಗೆ, ಯಾರ ಅಂಗಳಕ್ಕೆ ಹರಿಯುತ್ತದೆ ಎಂಬುದನ್ನು ನಕ್ಷೆಯಲ್ಲಿ ತೋರಿಸುವಂತೆ ಲಿಖಿತವಾಗಿ ಕೇಳಿ. ಹಿಂದೆ ನೀರು ನಿಂತಾಗ ತೆಗೆದ ಚಿತ್ರಗಳಿದ್ದರೆ ದಿನಾಂಕ ಸಹಿತ ಲಗತ್ತಿಸಿ. ವಾಹನ ದಟ್ಟಣೆಯ ಬಗ್ಗೆ ಬರೆಯುವುದಾದರೆ, ಬೆಳಿಗ್ಗೆ ಶಾಲೆಯ ಹೊತ್ತಿಗೆ ನೀವೇ ನಿಂತು ಎಣಿಸಿ. ಗಡುವಿನೊಳಗೆ ಪತ್ರ ಸಲ್ಲಿಸಿ, ಸ್ವೀಕೃತಿಯನ್ನು ಮರೆಯದೆ ಪಡೆಯಿರಿ.